ಮೂರು ಮನೆಗಳಲ್ಲಿ ಕಲಿತ ಹನ್ನೆರಡು ವಾದ್ಯಗಳು

ಆ ವರ್ಷದ ಹನ್ನೆರಡು ಸ್ವರಲಿಪಿ ಪ್ರತಿಗಳು ಈಗಲೂ ನನ್ನ ಕಪಾಟಿನಲ್ಲಿವೆ. ಅವುಗಳ ಮೇಲೆ ವಾದಕರು ಪೆನ್ಸಿಲಿನಲ್ಲಿ ಮಾಡಿಕೊಂಡ ಗುರುತುಗಳಿವೆ. ನನ್ನ ನೆನಪು ಒಂದು ಹೇಳಿ ಪೆನ್ಸಿಲ್ ಇನ್ನೊಂದು ಹೇಳಿದ ಕಡೆಯಲ್ಲೆಲ್ಲ ಇಲ್ಲಿ ಪೆನ್ಸಿಲನ್ನು ನಂಬಿದ್ದೇನೆ. ವರ್ಷ ಕಳೆದಂತೆ ನೆನಪು ನನ್ನನ್ನು ಹೆಚ್ಚು ಹೆಚ್ಚು ಜಾಣನನ್ನಾಗಿ ತೋರಿಸತೊಡಗಿದೆ. ಅದರ ಈ ಸೌಜನ್ಯ ನನಗೆ ಬೇಡ.

ನಾವು ಹನ್ನೆರಡು ವಾದಕರು. ನಾಲ್ವರು ಮೊದಲ ಪಿಟೀಲು, ನಾಲ್ವರು ಎರಡನೇ ಪಿಟೀಲು, ಇಬ್ಬರು ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ, ಇಬ್ಬರು ನೆಲಕ್ಕೂರಿ ನುಡಿಸುವ ಚೆಲ್ಲೊ. ಮುಂದೆ ನಿಂತು ಕೈ ಆಡಿಸುವವನು ನಾನು. ಎಲ್ಲರಿಗೂ ಬೇರೆ ನೌಕರಿ. ಮನೆಗಳು ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಎಂದು ಚದುರಿದ್ದವು. ಅಲ್ಲಿಯವರೆಗೆ ನಮ್ಮನ್ನು ಕರೆಯುತ್ತಿದ್ದುದು ಮದುವೆ ರಿಸೆಪ್ಶನ್ನುಗಳಿಗೆ. ಹಾಡುವವರ ಹಿಂದೆ ಕೂತು ಹಳೆಯ ಸಿನಿಮಾ ಹಾಡುಗಳಿಗೆ ತಂತಿಯ ಹಿನ್ನೆಲೆ ಕೊಡುತ್ತಿದ್ದೆವು. ಐಸ್‌ಕ್ರೀಮಿನ ಸಾಲು ನಮ್ಮ ಮೂಗಿನ ಮುಂದೆ ಹಾಯುತ್ತಿತ್ತು. ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ವರ್ಷ ನಾವು ಒಂದು ಸೀಸನ್ ಘೋಷಿಸಿದೆವು. ದೀಪಾವಳಿ ಕಳೆದು ಮಾರ್ಚಿನೊಳಗೆ ನಾಲ್ಕು ಕಛೇರಿ. ಬರೀ ತಂತಿವಾದ್ಯ. ಗಾಯಕರಿಲ್ಲ.

ನಮಗೊಂದು ಪೋಷಕ ಬಳಗ ಇತ್ತು. ಹೋಟೆಲಿನವರು, ಬಟ್ಟೆ ವ್ಯಾಪಾರಿಗಳು, ನಿವೃತ್ತರು, ಶಾಲಾ ಶಿಕ್ಷಕಿಯರು. ಹೆಚ್ಚಿನವರು ಕನ್ನಡದವರು, ಅವರ ನೆರೆಯ ಮರಾಠಿಯವರೂ ಸೇರಿಕೊಂಡಿದ್ದರು. ನಾಲ್ಕೂ ಕಛೇರಿಗೆ ಮುಂಚಿತವಾಗಿ ಟಿಕೆಟ್ ತೆಗೆದುಕೊಂಡ ಪ್ರತಿ ಮನೆಯಲ್ಲೂ ಒಂದೇ ಪ್ರಶ್ನೆ: "ಹಾಡೋರು ಯಾರು?"

ಬಳಗದ ಅಧ್ಯಕ್ಷರು ಉಡುಪಿ ಕಡೆಯವರು, ಥಾಣೆಯಲ್ಲಿ ಹೋಟೆಲು. ಅವರೂ ಕೇಳಿದ್ದರು.

"ಹಾಡುವವರು ಇಲ್ಲದೆ ಎಂತ ಕಛೇರಿ ಮಾರಾಯ್ರೆ? ಸಾಂಬಾರು ಇಲ್ಲದೆ ಇಡ್ಲಿ ಇಟ್ಟ ಹಾಗೆ."

"ಚಟ್ನಿ ಉಂಟಲ್ಲ."

"ಚಟ್ನಿ ನಂಬಿ ಹೋಟೆಲು ನಡೆಯುವುದಿಲ್ಲ," ಎಂದು ನಕ್ಕರು. ಆಮೇಲೆ ಗಂಭೀರವಾಗಿ, "ನೋಡಿ, ನಾಲ್ಕೂ ನೀವು ಹೇಳಿದ ಹಾಗೆ ಮಾಡುವ. ಥಾಣೆಯ ಹಾಲ್ ನಾನು ಮಾತಾಡುತ್ತೇನೆ. ಕೊನೆಯದ್ದು ಸರಿಯಾಗಿ ನಡೆದರೆ ಬರುವ ವರ್ಷವೂ ಉಂಟು. ಕೆಟ್ಟರೆ ನೀವು ಪುನಃ ರಿಸೆಪ್ಶನ್ನಿಗೆ. ಆಯ್ತಾ?"

ಆಯ್ತು ಎಂದೆ. ಆ ಒಂದು ಪದದ ಮೇಲೆ ಹನ್ನೆರಡು ಜನರ ಭಾನುವಾರಗಳು ನಿಂತಿದ್ದವು.

ಮೊದಲ ಮೂರು ಕಛೇರಿಗಳು ಹಳೆಯ, ಪರಿಚಿತ ಕೃತಿಗಳು. ಹೆಚ್ಚು ಗಾಯವಿಲ್ಲದೆ ದಾಟಿದೆವು. ನಾಲ್ಕನೆಯದಕ್ಕೆ ನಾನೇ ಬರೆದ ಕೃತಿ: ಮೂರು ಭಾಗ, ಇಪ್ಪತ್ತೆರಡು ನಿಮಿಷ.

ಹನ್ನೆರಡು ಜನ ಕಮಾನು ಆಡಿಸುವಷ್ಟು ದೊಡ್ಡ ಕೋಣೆ ನಮ್ಮ ಯಾರ ಮನೆಯಲ್ಲೂ ಇರಲಿಲ್ಲ. ಪಾಳಿ ಕೆಲಸದವರಿಗೆ ಎಲ್ಲರಿಗೂ ಒಂದೇ ಭಾನುವಾರ ಬಿಡುವು ಸಿಗುತ್ತಲೂ ಇರಲಿಲ್ಲ. ಹಾಗಾಗಿ ಅಭ್ಯಾಸವನ್ನು ಮೂರಾಗಿ ಒಡೆದಿದ್ದೆವು. ಮೊದಲ ಪಿಟೀಲಿನವರು ಡೊಂಬಿವಲಿ ಪೂರ್ವದಲ್ಲಿ, ದೂರವಾಣಿ ಇಲಾಖೆಯಿಂದ ನಿವೃತ್ತರಾದ ಒಬ್ಬ ಪೋಷಕರ ಮನೆಯಲ್ಲಿ. ವಿಯೋಲಾ, ಚೆಲ್ಲೊದವರು ಕಲ್ಯಾಣದಲ್ಲಿ, ಹುಬ್ಬಳ್ಳಿ ಕಡೆಯ ಬಟ್ಟೆ ವ್ಯಾಪಾರಿಯ ಮನೆಯಲ್ಲಿ. ಅಲ್ಲಿ ಆಳ್ವಿಕೆ ಆ ವ್ಯಾಪಾರಿಯ ತಾಯಿಯದು. ಎರಡನೇ ಪಿಟೀಲಿನವರು ತುರ್ಭೆಯಲ್ಲಿ, ತಮ್ಮ ಗುಂಪಿನ ಮುಖ್ಯಸ್ಥೆಯ ಒಂದೂವರೆ ಕೋಣೆಯ ಮನೆಯಲ್ಲಿ. ಆಕೆ ಮಸಾಲೆ ಮಾರುಕಟ್ಟೆಯ ಗೇಟಿನಲ್ಲಿ ಲಾರಿಗಳಿಗೆ ಪಾಸು ಬರೆದುಕೊಡುವವರು. ವಿಜಾಪುರ ಮೂಲ, ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಹಿಂದಿಯಲ್ಲಿ ಇಳಿಸುವವರು.

ನಾನು ಸರದಿಯ ಮೇಲೆ ಮೂರೂ ಮನೆಗೆ ಹೋಗುತ್ತಿದ್ದೆ. ಎಲ್ಲ ಕಡೆಯೂ ಚೆನ್ನಾಗಿ ಕೇಳಿಸುತ್ತಿತ್ತು. ಈ ಸಾಲನ್ನು ನಾಚಿಕೆಯಿಂದ ಬರೆಯುತ್ತಿದ್ದೇನೆ.

ಈ ಕೃತಿಗಾಗಿ ಎಲ್ಲರನ್ನೂ ಮೊದಲ ಸಲ ಒಟ್ಟಿಗೆ ಕೂರಿಸಿದ್ದು ಕಛೇರಿಗೆ ಮೂರು ವಾರ ಇರುವಾಗ, ಅಧ್ಯಕ್ಷರ ಹೋಟೆಲಿನ ಮೇಲಂತಸ್ತಿನ ಪಾರ್ಟಿ ಹಾಲಿನಲ್ಲಿ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ. ಫ್ಯಾನಿನ ಗಾಳಿಗೆ ಹಾಳೆ ಹಾರದಂತೆ ಬಟ್ಟೆ ಕ್ಲಿಪ್ಪು ಹಾಕಿ, ಶ್ರುತಿ ಮಾಡಿ ಆರಂಭಿಸಿದೆವು. ಸ್ವರಲಿಪಿಯಲ್ಲಿ ಗೆರೆ ಎಳೆದು ಬೇರ್ಪಡಿಸಿದ ಒಂದೊಂದು ಖಾನೆಯನ್ನು ನಾವು ಬಾರ್ ಎನ್ನುತ್ತೇವೆ. ನಲವತ್ತೊಂದನೇ ಬಾರಿನಲ್ಲಿ ಮೊದಲ ಪಿಟೀಲಿನ ನಾಲ್ವರೂ ಕಮಾನು ಮೇಲೆತ್ತಿ ನಿಂತುಬಿಟ್ಟರು. ಒಬ್ಬರ ಮುಖದಲ್ಲೂ ಗಾಬರಿಯಿಲ್ಲ. ನಾಲ್ವರೂ ಶಾಂತವಾಗಿ ಏನನ್ನೋ ಕಾಯುತ್ತಿದ್ದರು.

ಅವರು ಕಾಯುತ್ತಿದ್ದುದು ರೈಲುಗಾಡಿಯನ್ನು. ಡೊಂಬಿವಲಿಯ ಆ ಮನೆ ಹಳಿಯ ಪಕ್ಕದ ಎರಡನೇ ಮಹಡಿ. ಫಾಸ್ಟ್ ಲೋಕಲ್ ಹಾಯುವಾಗ ಏನೂ ಕೇಳಿಸದು. ಹಾಗಾಗಿ ನಿಲ್ಲುತ್ತಿದ್ದರು, ಮತ್ತೆ ಶುರುಮಾಡುತ್ತಿದ್ದರು. ಪ್ರತಿ ಭಾನುವಾರ ಅದೇ ಹೊತ್ತಿಗೆ ಕೂತು ಅದೇ ಜಾಗಕ್ಕೆ ಬರುವಾಗ ಅದೇ ಗಾಡಿ. ನಾಲ್ಕು ತಿಂಗಳಲ್ಲಿ ಆ ನಿಲುಗಡೆ ಅವರ ಕೈಗೆ ಇಳಿದುಹೋಗಿತ್ತು. ಅವರ ಪ್ರತಿಗಳಲ್ಲಿ ಪೆನ್ಸಿಲಿನಿಂದ "ನಿಲ್ಲು" ಎಂದು ಐದು ಕಡೆ ಬರೆದಿದೆ. ಎರಡು ಕಡೆ ಅಕ್ಷರ ನನ್ನದು.

ಉಳಿದದ್ದೂ ಬೇಗ ಬಯಲಾಯಿತು. ಕಲ್ಯಾಣದಲ್ಲಿ ಅಭ್ಯಾಸ ಮಾಡಿದ ವಿಯೋಲಾ, ಚೆಲ್ಲೊಗಳು ಪ್ರತಿ ಸಾಲಿನ ಕೊನೆಯ ಸ್ವರವನ್ನು ಎಳೆಯುತ್ತಿದ್ದವು. ಆ ತಾಯಿ ವಿಳಂಬಿತ ಖಯಾಲ್ ಕೇಳಿ ಬೆಳೆದವರು. ಒಳ್ಳೆಯ ಸ್ವರ ಬಂದರೆ "ಹಾಂ... ಅಲ್ಲೇ ಇರ್ರಿ ಸ್ವಲ್ಪ" ಎನ್ನುತ್ತಿದ್ದರು, ಇವರು ಅಲ್ಲೇ ಇರುತ್ತಿದ್ದರು. ತುರ್ಭೆಯ ಎರಡನೇ ಪಿಟೀಲುಗಳಂತೂ ಕೇಳಿಸಲೇ ಇಲ್ಲ. ಆ ಮನೆಯ ತೆಳು ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಬಂದ ಫಿಟ್ಟರ್ ಒಬ್ಬರು ಹಗಲು ಮಲಗುತ್ತಿದ್ದರು. ನಾಲ್ಕು ತಿಂಗಳು ಅವರ ನಿದ್ದೆ ಕೆಡದಂತೆ ನುಡಿಸಿ ನಾಲ್ವರ ಕಮಾನೂ ತಂತಿಯ ಮೇಲೆ ಒತ್ತುವುದನ್ನೇ ಮರೆತಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಧ್ಯಕ್ಷರು ಒಳಗೆ ಬಂದರು.

"ಇದು ಎಂತ, ಟ್ರಾಫಿಕ್ ಜಾಮಿನ ಘೋಡ್‌ಬಂದರ್ ರೋಡಾ? ಒಬ್ಬ ನಿಂತಿದ್ದಾನೆ, ಒಬ್ಬ ಎಳೆಯುತ್ತಿದ್ದಾನೆ, ಒಬ್ಬ ಎಲ್ಲಿದ್ದಾನೆ ಅಂತಲೇ ಗೊತ್ತಿಲ್ಲ."

ಕುರ್ಚಿ ಎಳೆದು ನನ್ನ ಎದುರು ಕೂತರು.

"ನನಗೆ ಪರಿಚಯದ ಗಾಯಕರೊಬ್ಬರು ಐರೋಲಿಯಲ್ಲಿದ್ದಾರೆ. ಒಳ್ಳೆ ಜನ, ಒಳ್ಳೆ ಕಂಠ. ಎಂಟು ಹಳೇ ಹಾಡು ನಿಮಗೆ ಕಣ್ಣು ಮುಚ್ಚಿ ಬರ್ತದೆ. ಮರ್ಯಾದೆ ಉಳಿಸಿಕೊಳ್ಳುವ."

"ಮರ್ಯಾದೆ ಉಳಿಸಿಕೊಳ್ಳಲಿಕ್ಕೇ ಗಾಯಕರು ಬೇಡ ಅಂತಿದ್ದೇನೆ," ಎಂದೆ. ಸಿಟ್ಟಿನ ಮಾತು. ಅದರ ಹಿಂದೆ ಯಾವ ಯೋಜನೆಯೂ ಇರಲಿಲ್ಲ.

ಆ ವಾರ ನಾನು ಮಾಡಿದ್ದು ನನ್ನ ಸ್ವಭಾವಕ್ಕೆ ತಕ್ಕ ಕೆಲಸ. ಕೃತಿಯನ್ನೇ ತಿದ್ದತೊಡಗಿದೆ. ಮೊದಲ ಪಿಟೀಲಿಗೆ ನಲವತ್ತೊಂದರಲ್ಲಿ ದೀರ್ಘ ಮೌನ ಬರೆದೆ. ಚೆಲ್ಲೊಗಳಿಗೆ ಸಾಲಿನ ಕೊನೆಯಲ್ಲಿ ಎಳೆತ ಬರೆದೆ. ಎರಡನೇ ಪಿಟೀಲಿಗೆ ಉದ್ದಕ್ಕೂ "ಅತಿ ಮೆಲ್ಲಗೆ" ಎಂದು ಬರೆದೆ. ತಪ್ಪಿಗೆ ಒಂದು ಸಿದ್ಧಾಂತ ಹಚ್ಚುವುದು ನನಗೆ ಎಂದೂ ಕಷ್ಟವಾಗಿಲ್ಲ. ಊರಿನ ಸದ್ದು ಸಂಗೀತದೊಳಗೆ ಬಂದಿದೆ, ಮೂರು ಮನೆಗಳು ಕೃತಿಯನ್ನು ಬರೆದಿವೆ ಎಂದೆಲ್ಲ ಕಾರ್ಯಕ್ರಮದ ಹಾಳೆಗೆ ಒಂದು ಟಿಪ್ಪಣಿಯೂ ಸಿದ್ಧವಾಯಿತು. ನಾನು ಖುಷಿಯಾಗಿದ್ದೆ.

ಹೊಸ ಹಾಳೆ ಹಿಡಿದು ಮೊದಲು ಹೋದದ್ದು ತುರ್ಭೆಗೆ. ಎರಡನೇ ಪಿಟೀಲಿನ ಮುಖ್ಯಸ್ಥೆ ಹಾಳೆಯನ್ನು ಕೊನೆಯವರೆಗೂ ಓದಿದರು.

"ಸರ್, ಏಕ್ ಬಾತ್ ಬೋಲೂಂ? ಸಿಟ್ಟು ಮಾಡ್ಕೋಬಾರ್ದು."

"ಹೇಳಿ."

"ಮೆತ್ತಗೆ ಬಾರಿಸ್ತೀವಲ್ಲ, ಅದು ಪಕ್ಕದ ಮನೆಯವರು ಮಲಗಿರ್ತಾರೆ ಅಂತ. ಈಗ ನೀವು ಅದನ್ನೇ ಮ್ಯೂಸಿಕ್ ಅಂತ ಬರೆದುಬಿಟ್ರಿ. ಮತ್ಲಬ್, ನಾವು ಜಿಂದಗಿ ಭರ್ ಮೆತ್ತಗೇ?"

"ಅದೊಂದು ಗುಣ ಅಲ್ಲವಾ? ಬೇರೆ ಯಾವ ಗುಂಪಿಗೂ ಇಲ್ಲದ್ದು."

"ಗುಣ ಅಲ್ಲ ಸರ್, ಮಜಬೂರಿ, ಬೇರೆ ದಾರಿ ಇಲ್ಲ." ಹಾಳೆಯನ್ನು ವಾಪಸು ಕೊಟ್ಟರು. "ನಿಮಗೆ ಚೆಂದ ಕಾಣ್ತದೆ. ಬಾರಿಸೋರು ನಾವು. ಹಳೇ ಪೇಪರ್ ಇರಲಿ. ಅದರಲ್ಲಿ ಮೂರನೇ ಪಾರ್ಟ್ ನಾವೇ ಸ್ಟಾರ್ಟ್ ಮಾಡ್ತೀವಿ, ಜೋರ್ ಸೇ. ವೋ ಹಮೇಂ ಚಾಹಿಯೇ, ಅದು ನಮಗೆ ಬೇಕು."

ಆಮೇಲಿನ ಉಪಾಯ ನನ್ನದೆಂದು ನಾನು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಆಕೆಯ ಪ್ರತಿಯ ಹಿಂಬದಿಯಲ್ಲಿ ಆಕೆಯದೇ ಅಕ್ಷರದಲ್ಲಿ ಬೇರೆ ಸಾಕ್ಷಿ ಇದೆ: "ನಾವು – ಡೊಂಬಿವಲಿ. ಅವರು – ಕಲ್ಯಾಣ. ದೊಡ್ಡವು – ಇಲ್ಲಿ." ಮನೆಗಳನ್ನು ಅದಲುಬದಲು ಮಾಡುವುದು. ಮೆತ್ತಗೆ ನುಡಿಸುವವರು ಗಾಡಿಯ ಸದ್ದಿನ ಎದುರು ಕೂರಬೇಕು, ಗಾಡಿ ಬಂದರೂ ನಿಲ್ಲಬಾರದು. ನಿಲ್ಲುವವರು ಗಾಡಿಯಿಲ್ಲದ ಕಡೆ ಹೋಗಬೇಕು. ಎಳೆಯುವವರು ತುರ್ಭೆಗೆ ಬರಬೇಕು. ಅಲ್ಲಿ ನಾಲ್ಕು ಗಂಟೆಗೆ ಸರಿಯಾಗಿ ನಲ್ಲಿಯಲ್ಲಿ ನೀರು ಬರುತ್ತದೆ, ಕೋಣೆಯ ತುಂಬ ಕೊಡಗಳು ಹರಡುತ್ತವೆ, ಅಷ್ಟರೊಳಗೆ ಮುಗಿಯದಿದ್ದರೆ ಮುಗಿಯುವುದೇ ಇಲ್ಲ. ನನ್ನ ಹೊಸ ಹಾಳೆಗಳನ್ನು ಆ ಸಂಜೆಯೇ ಹರಿದೆ. ಟಿಪ್ಪಣಿಯನ್ನು ಇನ್ನೂ ಎರಡು ದಿನ ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಮೊದಲ ಅಡ್ಡಿ ಪೋಷಕರಿಂದಲೇ ಬಂತು. ನಾಲ್ಕು ತಿಂಗಳು ಅನ್ನ ಹಾಕಿ ಕೇಳಿದವರಿಗೆ ವಾದಕರು ಮನೆಯವರಾಗಿಬಿಟ್ಟಿದ್ದರು. ಕಲ್ಯಾಣದ ತಾಯಿ ಚೆಲ್ಲೊವನ್ನು "ದೊಡ್ಡ ಪಿಟೀಲು" ಎನ್ನುತ್ತಿದ್ದರು.

"ಅಲ್ರೀ ಮಾಸ್ತರ, ನಮ್ಮ ದೊಡ್ಡ ಪಿಟೀಲು ತೊಗೊಂಡು ತುರ್ಭೆಕ್ಕ ಹೊಂಟೀರಿ? ನಾ ಏನ್ ಕಮ್ಮಿ ಮಾಡೇನಿ? ರೊಟ್ಟಿ ಗಟ್ಟಿ ಇದ್ದುವೇನು?"

"ರೊಟ್ಟಿ ಮೆತ್ತಗಿದ್ದದ್ದೇ ಕಷ್ಟ ಆಗಿದೆ, ಅಮ್ಮ. ಅವರು ಇಲ್ಲಿ ಬಹಳ ಆರಾಮಾಗಿಬಿಟ್ಟರು."

"ಬದಲಿಗೆ ಯಾರ್ನ ಕಳಸ್ತೀರಿ?"

"ಮೊದಲ ಪಿಟೀಲಿನವರನ್ನು. ಅವರಿಗೆ ನಡುವೆ ನಿಲ್ಲುವ ಚಾಳಿ."

"ಆ ಕೀಂ ಕೀಂ ಅನ್ನೋರು?" ಎಂದು ಮೂಗು ಮುರಿದರು. "ಬರ್ಲಿ. ಆದ್ರ ನನ್ನ ಮನ್ಯಾಗ ನಡುವ ನಿಂತ್ರ ಚಾ ಇಲ್ಲ. ಹೇಳಿ ಕಳಸ್ರಿ."

ಮಾತಿನಂತೆಯೇ ನಡೆದುಕೊಂಡರು. ಮೊದಲ ವಾರ ಮೊದಲ ಪಿಟೀಲಿನವರು ಚಹಾ ಇಲ್ಲದೆ ಕಲ್ಯಾಣದಿಂದ ವಾಪಸಾದರು. ಗಾಡಿಯಿಲ್ಲದಿದ್ದರೂ ನಲವತ್ತೊಂದರಲ್ಲಿ ಅವರ ಕೈ ಮೇಲೇಳುತ್ತಿತ್ತು. "ಯಾಕ ನಿಂತ್ರಿ? ಏನ್ ಮರತ್ರಿ?" ಎಂದು ಆ ತಾಯಿ ಮೊಣಕಾಲಿನ ಮೇಲೆ ತಾಳ ಬಡಿಯುತ್ತಲೇ ಇದ್ದರಂತೆ, ಆ ಬಡಿತ ನಿಲ್ಲದ ಕಾರಣ ಇವರೂ ಹಿಂದೆ ಓಡಲೇಬೇಕಾಯಿತು.

ಡೊಂಬಿವಲಿಯಲ್ಲಿ ನಮ್ಮ ಮೊದಲ ಭಾನುವಾರವೇ ಕೆಟ್ಟಿತು. ಮೆಗಾ ಬ್ಲಾಕ್. ಹಳಿ ರಿಪೇರಿಗಾಗಿ ಅರ್ಧ ಗಾಡಿಗಳು ರದ್ದು. ತುರ್ಭೆಯಿಂದ ನಾಲ್ಕು ಪಿಟೀಲು ಹೊತ್ತು, ಥಾಣೆಯಲ್ಲಿ ಬದಲಿಸಿ, ತುಂಬಿದ ಸ್ಲೋ ಲೋಕಲಿನಲ್ಲಿ ಜೋತು ಬಂದರೆ ಹಳಿಯ ಮೇಲೆ ಕಾಗೆಗಳು. ಮನೆಯ ಯಜಮಾನರು ಕಿಟಕಿ ತೆರೆದು ಕ್ಷಮೆ ಕೇಳುವವರಂತೆ ನಿಂತಿದ್ದರು.

"ಇಪ್ಪತ್ತೆರಡು ವರ್ಷದಿಂದ ಈ ಸದ್ದಿಗೆ ಶಾಪ ಹಾಕಿದ್ದೇನೆ. ಇವತ್ತು ಬೇಕು ಅಂದ್ರೆ ಇಲ್ಲ ನೋಡಿ."

ಹಾಗಾಗಿ ಭಾನುವಾರ ಬಿಟ್ಟು ಕೆಲಸದ ದಿನಗಳ ಸಂಜೆ ಆರೂವರೆ ಹಿಡಿದೆವು, ಆಫೀಸು ಬಿಟ್ಟ ಗಾಡಿಗಳು ಒಂದರ ಹಿಂದೊಂದು ಬರುವ ಹೊತ್ತು. ಕಿಟಕಿಗಳನ್ನು ತೆರೆದಿಟ್ಟೆವು. ಅಭ್ಯಾಸದ ನಿಯಮ ಒಂದೇ: ನಾನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತೇನೆ, ಗಾಡಿ ಹಾಯುವಾಗಲೂ ನನಗೆ ತಂತಿಯ ಸದ್ದು ಕೇಳಬೇಕು. ಕಮಾನನ್ನು ಕುದುರೆಯ ಹತ್ತಿರಕ್ಕೆ ತಂದು, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ಹತ್ತಿರಕ್ಕೆ, ಉದ್ದ ಎಳೆತಗಳು. ಮೊದಲ ಮೂರು ಸಂಜೆ ಕಿರಿಚಿದ್ದೇ ಹೆಚ್ಚು. ಬಲಭುಜ ನೋವೆಂದು ಇಬ್ಬರು ಮುಲಾಮು ಹಚ್ಚಿಕೊಂಡು ಬಂದರು. ನಾಲ್ಕನೇ ಸಂಜೆ ಫಾಸ್ಟ್ ಹಾಯುತ್ತಿರುವಾಗ ಸದ್ದಿನ ಅಡಿಯಿಂದ ದಪ್ಪಗೆ, ಕಂದುಬಣ್ಣದ ಒಂದು ಗೆರೆ ಎದ್ದು ನಿಂತಿತು. ಗಾಡಿ ಹೋಯಿತು, ಗೆರೆ ಉಳಿಯಿತು. ಮುಖ್ಯಸ್ಥೆ ನನ್ನ ಕಡೆ ನೋಡಲೂ ಇಲ್ಲ.

ಅದೇ ವಾರ ತುರ್ಭೆಯಲ್ಲಿ ಚೆಲ್ಲೊ ಕೈಕೊಟ್ಟಿತು. ಕಲ್ಯಾಣದಿಂದ ಎರಡು ಚೆಲ್ಲೊಗಳನ್ನು ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ ತರಬೇಕಿತ್ತು. ಥಾಣೆ ಸ್ಟೇಷನ್ನಿನ ಮೇಲುಸೇತುವೆಯ ನೂಕುನುಗ್ಗಲಿನಲ್ಲಿ ಒಂದಕ್ಕೆ ಪೆಟ್ಟು ಬಿದ್ದು, ಒಳಗೆ ಮೇಲುಹಲಗೆಗೂ ಕೆಳಹಲಗೆಗೂ ನಡುವೆ ಆನಿಸಿ ನಿಲ್ಲಿಸಿದ ಸಣ್ಣ ಮರದ ಕಂಬ ಜಾರಿತು. ಅದು ಬಿದ್ದರೆ ವಾದ್ಯಕ್ಕೆ ದನಿಯೇ ಇಲ್ಲ. ಮತ್ತೆ ನಿಲ್ಲಿಸಲು ಮೇಲುಹಲಗೆಯ ಸೀಳಿನಿಂದ ಒಂದು ಬಾಗಿದ ಕಡ್ಡಿ ತೂರಿಸಬೇಕು. ಕಡ್ಡಿ ನಮ್ಮಲ್ಲಿರಲಿಲ್ಲ. ನಾವು ಪಿಸುಗುಟ್ಟಿ ಜಗಳವಾಡುತ್ತಿರುವಾಗ ಬಾಗಿಲು ತಟ್ಟಿದ್ದು ಪಕ್ಕದ ಮನೆಯ ಫಿಟ್ಟರ್. ಎಲ್ಲರೂ ಒಟ್ಟಿಗೆ ಕ್ಷಮೆ ಕೇಳಿದೆವು, ನಿದ್ದೆ ಕೆಡಿಸಿದೆವು ಎಂದು.

"ಸೋತಾ ಕೌನ್ ಹೈ?" ಎಂದರು. ಮಲಗುವವರು ಯಾರು? "ಆಪ್ ಲೋಗ್ ಇತ್ನಾ ಧೀರೇ ಬಜಾತೇ ಹೋ, ದೀವಾರ್ ಸೇ ಕಾನ್ ಲಗಾನಾ ಪಡ್ತಾ ಹೈ."

ನಾಲ್ಕು ತಿಂಗಳು ಅವರು ಗೋಡೆಗೆ ಕಿವಿಯಿಟ್ಟು ಕೇಳಿದ್ದರು. ನಾವು ಅವರಿಗಾಗಿ ದನಿ ಇಳಿಸಿದ್ದೆವು. ಅವರು ಸೈಕಲ್ಲಿನ ಕಡ್ಡಿಯೊಂದನ್ನು ಇಕ್ಕಳದಲ್ಲಿ ಬಾಗಿಸಿ, ತುದಿ ಚೂಪು ಮಾಡಿ, ಟಾರ್ಚು ಹಿಡಿದು ಆ ಕಂಬವನ್ನು ನಿಲ್ಲಿಸುವಷ್ಟರಲ್ಲಿ ನೀರು ಬಂದು ಹೋಗಿತ್ತು. ಆರು ಸಲ ಬಿತ್ತು. ಏಳನೇ ಸಲ ನಿಂತಿತು. ಅವರ ಹೆಸರಿಗೂ ಪೋಷಕ ಬಳಗದಲ್ಲಿ ಒಂದು ಕುರ್ಚಿ ಎಂದು ಮುಖ್ಯಸ್ಥೆ ಅಲ್ಲೇ ತೀರ್ಮಾನಿಸಿದರು.

ಕೊನೆಯ ಒಟ್ಟು ಅಭ್ಯಾಸ ಕಛೇರಿಗೆ ಎರಡು ದಿನ ಮುಂಚೆ ನಡೆಯಿತು. ಅದ್ಭುತವಾಗಿತ್ತು ಎನ್ನಲಾರೆ. ಮೊದಲ ಪಿಟೀಲಿನ ಒಬ್ಬರ ಕಮಾನು ನಲವತ್ತೊಂದರಲ್ಲಿ ಅರ್ಧ ಎದ್ದು ಇಳಿಯಿತು. ಚೆಲ್ಲೊಗಳು ಒಂದು ಕಡೆ ಮುಂದೆಯೇ ಓಡಿದವು. ಆದರೆ ಕೃತಿ ಮೊದಲಿಂದ ಕೊನೆಗೆ ತಲುಪಿತು. ಅಧ್ಯಕ್ಷರು ಹಿಂದಿನ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದರು.

"ಅಡ್ಡಿಯಿಲ್ಲ. ಆದ್ರೆ ಜನ?"

"ಜನ ಕೇಳ್ತಾರೆ."

"ಗಾಯಕರು ಬೇಡವೇ ಬೇಡವಾ?"

"ಬೇಡ."

ಅವರು ಸುಮ್ಮನಾದರು. ಒಪ್ಪಿದರೆಂದುಕೊಂಡೆ. ಹೋಟೆಲು ನಡೆಸುವವರು ಮಾತು ನಿಲ್ಲಿಸಿದರೆ ಬೇರೆ ಏರ್ಪಾಡು ನಡೆದಿದೆ ಎಂದು ನನಗೆ ಗೊತ್ತಿರಬೇಕಿತ್ತು.

ಥಾಣೆಯ ಹಾಲು ತುಂಬಿರಲಿಲ್ಲ, ಖಾಲಿಯೂ ಇರಲಿಲ್ಲ. ಮೊದಲ ಭಾಗದಲ್ಲಿ ನಲವತ್ತೊಂದನೇ ಬಾರನ್ನು ಮೊದಲ ಪಿಟೀಲಿನವರು ಹಲ್ಲು ಕಚ್ಚಿ ದಾಟಿದರು. ಅದು ಮುಗಿದಾಗ ಕೆಲವು ಮನೆಗಳವರು ಎದ್ದು ಹೋದದ್ದು ನಿಜ. ಬಾಗಿಲಲ್ಲಿ ನಿಂತು ನಮಸ್ಕಾರ ಮಾಡುತ್ತಿದ್ದ ಅಧ್ಯಕ್ಷರಿಗೆ ಅದು ನನಗಿಂತ ಹತ್ತಿರದಿಂದ ಕಂಡಿತ್ತು. ಅವರನ್ನು ದೂರುವುದು ಈಗ ಸುಲಭ. ತಾವೇ ಕೈಮುಗಿದು ಕರೆತಂದವರು ಎದ್ದು ಹೋಗುವುದನ್ನು ನೋಡುವ ಕೆಲಸ ನನ್ನದಾಗಿರಲಿಲ್ಲ.

ಎರಡನೇ ಭಾಗ ಮುಗಿಯಿತು. ಎರಡಕ್ಕೂ ಮೂರಕ್ಕೂ ನಡುವೆ ಐದಾರು ಉಸಿರಿನ ಬಿಡುವು. ನಾನು ಹಾಳೆ ಮಗುಚುತ್ತಿದ್ದೆ. ಪಕ್ಕದಿಂದ ಹೆಜ್ಜೆ ಸದ್ದು. ಅಧ್ಯಕ್ಷರು ಮೈಕು ಹಿಡಿದು ವೇದಿಕೆಗೆ ಬಂದಿದ್ದರು. ಹಿಂದೆ ರೇಷ್ಮೆ ಜುಬ್ಬದ ಗಾಯಕರು, ಅವರ ಕೈಯಲ್ಲೂ ಒಂದು ಮೈಕು.

"ಬಂಧುಗಳೇ, ಇಷ್ಟು ಹೊತ್ತು ವಾದ್ಯ ಕೇಳಿದಿರಿ. ಇನ್ನು ನಿಮಗೋಸ್ಕರ ಒಂದು ವಿಶೇಷ..."

ಸಭೆಯ ಒಂದು ಮೂಲೆಯಿಂದ ಚಪ್ಪಾಳೆ ಬಂತು. ಆ ಗಾಯಕರು ನನ್ನ ಕಡೆ ನೋಡಿ ವಿನಯದಿಂದ ತಲೆಬಾಗಿದರು. ಅವರಿಗೆ ಯಾರೂ ಪೂರ್ತಿ ವಿಷಯ ಹೇಳಿರಲಿಲ್ಲ.

ಇಲ್ಲಿ ನನ್ನ ಬಗ್ಗೆ ಎರಡು ಕತೆಗಳಿವೆ. ನಾನು ಅಧ್ಯಕ್ಷರನ್ನು ಕಣ್ಣಿನಲ್ಲೇ ತಡೆದು ಮೂರನೇ ಭಾಗಕ್ಕೆ ಕೈ ಬೀಸಿದೆ ಎಂದು ಬಳಗದ ಅನೇಕರು ಹೇಳುತ್ತಾರೆ. ನನಗೂ ಆ ಕತೆ ಇಷ್ಟ. ಆದರೆ ಅಂದು ಯಾರೋ ಮಾಡಿದ ವೀಡಿಯೊದಲ್ಲಿ ನನ್ನ ಕೈ ಕೆಳಗಿಳಿಯುತ್ತಿದೆ. ಒಂದು ಹಾಡು ತಾನೆ, ಆಗಿಹೋಗಲಿ ಎಂದುಕೊಂಡಿದ್ದೆ. ಮೂರು ವಾರ ಬೇಡ ಬೇಡ ಎಂದವನು ಆ ಕ್ಷಣ ಒಪ್ಪಿದ್ದೆ.

ಎರಡನೇ ಪಿಟೀಲುಗಳು ಶುರುಮಾಡಿಬಿಟ್ಟವು. ನನ್ನ ಸನ್ನೆಯಿಲ್ಲ, ಎಣಿಕೆಯಿಲ್ಲ. ಮುಖ್ಯಸ್ಥೆ ಗದ್ದ ಒಮ್ಮೆ ಎತ್ತಿ ಇಳಿಸಿದ್ದಷ್ಟೇ. ನಾಲ್ಕು ಕಮಾನುಗಳು ಕೆಳತಂತಿಯ ಮೇಲೆ ಬಿದ್ದವು. "ವಿಶೇಷ" ಎಂಬುದರ ಮುಂದಿನ ಪದ ಏನಿತ್ತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಧ್ಯಕ್ಷರು ದನಿ ಏರಿಸಿದರು. ಪಿಟೀಲುಗಳು ಅದರ ಮೇಲೆ ಏರಿದವು. ಅವರು ಮೈಕನ್ನು ಬಾಯಿಗೆ ಇನ್ನೂ ಹತ್ತಿರ ತಂದರು. ಆಗ ಮೂರನೇ ಸಾಲಿನಿಂದ ಕಲ್ಯಾಣದ ತಾಯಿಯ ದನಿ, ಯಾವ ಮೈಕೂ ಇಲ್ಲದೆ:

"ಏ ಸ್ವಾಮಿ, ಕೂಡ್ರಿ! ಇನ್ನ ಮುಗದಿಲ್ಲ!"

ಗಾಯಕರು ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಆ ನಾಲ್ಕು ಪಿಟೀಲುಗಳನ್ನು ನೋಡಿದರು. ತಮ್ಮ ಮೈಕಿನ ಗುಂಡಿ ಒತ್ತಿ ಆರಿಸಿದರು. ಆಮೇಲೆ ಅಧ್ಯಕ್ಷರ ಮೊಣಕೈ ಹಿಡಿದು, ಮೆಲ್ಲಗೆ ಅವರದನ್ನೂ ಆರಿಸಿ, ವೇದಿಕೆಯ ಅಂಚಿಗೆ ಕರೆದೊಯ್ದರು. ಇಬ್ಬರೂ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಎಂಟು ಬಾರು ಎರಡನೇ ಪಿಟೀಲುಗಳದ್ದೇ. ಒಂಬತ್ತನೆಯದರಲ್ಲಿ ಚೆಲ್ಲೊಗಳು ಸೇರಬೇಕು, ಅದಕ್ಕೆ ನನ್ನ ಕೈ ಬೇಕು. ಏಳನೇ ಬಾರಿನ ಹೊತ್ತಿಗೆ ಕೈ ಎತ್ತಿದೆ, ತಡವಾಗಿ, ಆಕೆಯ ಭುಜದ ಚಲನೆ ನೋಡಿ ಅದರ ಹಿಂದೆಯೇ ಎಣಿಕೆ ಹಿಡಿದು. ಚೆಲ್ಲೊಗಳು ಬಂದವು. ಸಾಲಿನ ಕೊನೆಯಲ್ಲೂ ಎಳೆಯಲಿಲ್ಲ.